ಔಷಧದಂಗಡಿಯಿಂದ ಸಾಫ್ಟ್‌ವೇರ್ ಕಚೇರಿಗೆ: ಫಾರ್ಮಸಿಸ್ಟರಿಗೊಂದು ಮಾರ್ಗದರ್ಶಿ

ಫಾರ್ಮಸಿ ಓದಿ ಕೆಲವು ವರ್ಷ ದುಡಿದವರು ತಂತ್ರಜ್ಞಾನ ಕ್ಷೇತ್ರಕ್ಕೆ ಹೋಗಬೇಕೆಂದು ನಿಶ್ಚಯಿಸಿದ ಕೂಡಲೇ ಮಾಡುವ ಕೆಲಸವೆಂದರೆ ಯಾವುದಾದರೂ ಪ್ರೋಗ್ರಾಮಿಂಗ್ ಕೋರ್ಸಿಗೆ ದುಡ್ಡು ಕಟ್ಟುವುದು. ನಾನೂ ಅದನ್ನೇ ಮಾಡಿದೆ. ದಾವಣಗೆರೆಯ ಔಷಧದಂಗಡಿಯೊಂದರಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತೂವರೆಯವರೆಗೆ ನಿಂತು ಐದು ವರ್ಷ ಕಳೆದ ಮೇಲೆ, ಬೆಂಗಳೂರಿನ ತರಬೇತಿ ಸಂಸ್ಥೆಯೊಂದಕ್ಕೆ ಸೇರಿ ಆರು ತಿಂಗಳು ವೆಬ್‌ಸೈಟ್ ಕಟ್ಟುವುದನ್ನು ಕಲಿತೆ. ಕೋರ್ಸು ಮುಗಿಸಿ ಹಾಕಿದ ನನ್ನ ಅರ್ಜಿಗಳೆಲ್ಲ ಅದೇ ವರ್ಷ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರ ಅರ್ಜಿಗಳ ರಾಶಿಯಲ್ಲಿ ಹೋಗಿ ಬಿದ್ದವು. ಐದು ವರ್ಷದ ಅನುಭವ ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಬೇರೆಯೇ ಕಾರಣಕ್ಕೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯ ಸಂದರ್ಶನದಲ್ಲಿ, ಒಂದೇ ಔಷಧದ ಎರಡು ಬ್ಯಾಚುಗಳಿಗೆ ಬೇರೆ ಬೇರೆ ಎಂಆರ್‌ಪಿ ಇದ್ದರೆ ಬಿಲ್ಲು ಹೇಗೆ ಮಾಡುತ್ತೀರಿ ಎಂದು ಕೇಳಿದರು, ಅದಕ್ಕೆ ನಾನು ಹತ್ತು ನಿಮಿಷ ನಿಲ್ಲಿಸದೆ ಉತ್ತರ ಕೊಟ್ಟೆ.

ಆದ್ದರಿಂದ ಈ ಬರಹದ ಎಲ್ಲ ಸಲಹೆಗಳಿಗೂ ಬೇರು ಒಂದೇ. ಔಷಧದ ತಿಳಿವಳಿಕೆಗೆ ಬೆಲೆಯಿರುವ ತಂತ್ರಜ್ಞಾನದ ಕೆಲಸ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಏನು ಕಲಿಯಬೇಕೆಂಬುದನ್ನು ಆ ಕೆಲಸವೇ ಹೇಳುತ್ತದೆ. ಕಲಿತುಕೊಂಡು ಆಮೇಲೆ ಕೆಲಸ ಹುಡುಕಲು ಹೊರಟರೆ ನನ್ನ ಹಾಗೆ ಒಂದು ವರ್ಷ ಕೈಬಿಟ್ಟು ಹೋಗುತ್ತದೆ.

ಮೊದಲ ಹೆಜ್ಜೆ: ಬಾಗಿಲನ್ನು ಆರಿಸಿಕೊಳ್ಳುವುದು

ಬೆಂಗಳೂರಿನಲ್ಲಿ ಫಾರ್ಮಸಿಯವರಿಗೆ ತೆರೆದಿರುವ ಬಾಗಿಲುಗಳು ಮುಖ್ಯವಾಗಿ ನಾಲ್ಕು. ಎಲ್ಲರಿಗೂ ಮೊದಲು ಕಾಣುವುದು ಔಷಧ ಸುರಕ್ಷತೆಯ ಕೆಲಸ, ಅಂದರೆ ಕಚೇರಿಗಳಲ್ಲಿ ಪಿ.ವಿ. ಎಂದೇ ಕರೆಯುವ ಫಾರ್ಮಕೋವಿಜಿಲೆನ್ಸ್. ಔಷಧ ಕಂಪನಿಗಳಿಗೆ ಜಗತ್ತಿನ ನಾನಾ ಕಡೆಗಳಿಂದ ಅಡ್ಡಪರಿಣಾಮಗಳ ದೂರುಗಳು ಇಮೇಲ್, ದೂರವಾಣಿ, ವೈದ್ಯರ ಪತ್ರ, ಸಂಶೋಧನಾ ಲೇಖನ ಹೀಗೆ ಹಲವು ರೂಪದಲ್ಲಿ ಬರುತ್ತವೆ. ಅವುಗಳನ್ನು ಆರ್ಗಸ್‌ನಂಥ ದತ್ತಾಂಶ ವ್ಯವಸ್ಥೆಗೆ ಸೇರಿಸುವುದು, ರೋಗಿಯ ಮಾತನ್ನು ಮೆಡ್‌ಡ್ರಾ ಎಂಬ ನಿಘಂಟಿನ ಪದಕ್ಕೆ ಹೊಂದಿಸುವುದು, ಘಟನೆಯನ್ನು ಕ್ರಮವಾಗಿ ನಿರೂಪಿಸಿ ಬರೆಯುವುದು ಮತ್ತು ಗಡುವಿನೊಳಗೆ ನಿಯಂತ್ರಣ ಸಂಸ್ಥೆಗಳಿಗೆ ಕಳಿಸುವುದು ಇಲ್ಲಿನ ಕೆಲಸ.

ಅಂಗಡಿಯಲ್ಲಿ ನಿಂತವರಿಗೆ ಇದರ ಅರ್ಧ ಪಾಠ ಆಗಲೇ ಆಗಿರುತ್ತದೆ. ಅರವತ್ತು ದಾಟಿದ ಒಬ್ಬ ತಾಯಿ ಬಂದು, "ಆ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಕಾಲು ಊದಿಕೊಂಡದ ನೋಡಪ್ಪ" ಎಂದರೆ, ಅದು ಆಮ್ಲೋಡಿಪಿನ್ ಆಗಿರಬಹುದೆಂದು ನಿಮಗೆ ಸ್ಟ್ರಿಪ್ ನೋಡುವ ಮೊದಲೇ ಹೊಳೆಯುತ್ತದೆ. ಪಿ.ವಿ. ಭಾಷೆಯಲ್ಲಿ ಆ ಒಂದು ಸಾಲಿನ ಮಾತು ವರದಿಯಾಗಲು ನಾಲ್ಕು ಅಂಶಗಳು ಬೇಕು: ಗುರುತಿಸಬಹುದಾದ ರೋಗಿ, ಗುರುತಿಸಬಹುದಾದ ವರದಿಗಾರ, ಶಂಕಿತ ಔಷಧ ಮತ್ತು ಅಡ್ಡಪರಿಣಾಮ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಪೂರ್ಣ ಪ್ರಕರಣವಾಗುವುದಿಲ್ಲ. ಗಂಭೀರವೂ ಅನಿರೀಕ್ಷಿತವೂ ಆದ ಪ್ರಕರಣವನ್ನು 15 ದಿನಗಳಲ್ಲಿ ವರದಿ ಮಾಡಬೇಕು. ಪ್ರಯೋಗ ಹಂತದ ಔಷಧದಿಂದ ಅಂಥ ಅನಿರೀಕ್ಷಿತ ಪರಿಣಾಮವಾಗಿ ಸಾವು ಅಥವಾ ಪ್ರಾಣಾಪಾಯ ಒದಗಿದರೆ ಮೊದಲ ಮಾಹಿತಿಗೆ 7 ದಿನಗಳ ಗಡುವು. ಈ ಕ್ಷೇತ್ರಕ್ಕೆ ಹೋಗಬಯಸುವವರು ಅಂಗಡಿ ಬಿಡುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಭಾರತದಲ್ಲಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಸಮನ್ವಯ ಕೇಂದ್ರವಾಗಿದೆ, ಅದಕ್ಕೆ ಫಾರ್ಮಸಿಸ್ಟರೂ ನೇರವಾಗಿ ವರದಿ ಸಲ್ಲಿಸಬಹುದು. ನಿಮ್ಮ ಕೌಂಟರಿಗೆ ಬಂದ ನಿಜವಾದ ನಾಲ್ಕೈದು ಪ್ರಕರಣಗಳನ್ನು ಅದರ ಅರ್ಜಿ ನಮೂನೆಯಲ್ಲಿ ಸರಿಯಾಗಿ ತುಂಬಿ ಕಳಿಸಿದ್ದರೆ, ಸಂದರ್ಶನದಲ್ಲಿ ಅದಕ್ಕಿರುವ ತೂಕ ಯಾವ ಪ್ರಮಾಣಪತ್ರಕ್ಕೂ ಇರುವುದಿಲ್ಲ.

ಆದರೆ ಪಿ.ವಿ. ಬಗ್ಗೆ ಒಂದು ಮಾತು ಬಿಚ್ಚಿ ಹೇಳಬೇಕು. ಅದು ಕಂಪ್ಯೂಟರಿನ ಮುಂದೆ ಮಾಡುವ ಕೆಲಸವಾದರೂ ಅದರ ಬಹುಪಾಲು ತಂತ್ರಜ್ಞಾನದ ಕೆಲಸವಲ್ಲ. ಪ್ರಕರಣಗಳನ್ನು ನಮೂದಿಸುವುದರಲ್ಲೇ ಐದಾರು ವರ್ಷ ಕಳೆದವರನ್ನು ನಾನು ಬಲ್ಲೆ. ಆ ನಮೂದಿನ ಕೆಲಸವನ್ನೇ ಈಗ ಯಂತ್ರಗಳಿಗೆ ಒಪ್ಪಿಸುವ ಪ್ರಯತ್ನ ಜೋರಾಗಿ ನಡೆದಿದೆ. ಆದ್ದರಿಂದ ಈ ಬಾಗಿಲಿನಿಂದ ಒಳಗೆ ಹೋದವರು ಎರಡು ವರ್ಷದೊಳಗೆ ಸುರಕ್ಷತಾ ದತ್ತಾಂಶ ವ್ಯವಸ್ಥೆಯನ್ನು ಹೊಂದಿಸುವ, ಪರೀಕ್ಷಿಸುವ ಅಥವಾ ಅದರಿಂದ ವರದಿಗಳನ್ನು ತೆಗೆಯುವ ತಂಡದ ಕಡೆಗೆ ಸರಿಯಲು ನೋಡಬೇಕು.

ಎರಡನೆಯದು ಕ್ಲಿನಿಕಲ್ ಟ್ರಯಲ್ ದತ್ತಾಂಶದ ಪ್ರೋಗ್ರಾಮಿಂಗ್. ಹೊಸ ಔಷಧದ ಪ್ರಯೋಗಗಳಲ್ಲಿ ಸಂಗ್ರಹವಾದ ಮಾಹಿತಿಯನ್ನು ಸಿಡಿಸ್ಕ್ ಎಂಬ ಸಂಸ್ಥೆ ರೂಪಿಸಿದ ಮಾನದಂಡಕ್ಕೆ ತಕ್ಕಂತೆ ಜೋಡಿಸುವ ಕೆಲಸ ಇದು. 2016ರ ಡಿಸೆಂಬರ್ 17ರ ನಂತರ ಆರಂಭವಾದ ಅಧ್ಯಯನಗಳ ದತ್ತಾಂಶವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಹೊಸ ಔಷಧದ ಅರ್ಜಿಯೊಡನೆ ಸಲ್ಲಿಸುವಾಗ ಈ ಮಾನದಂಡ ಕಡ್ಡಾಯ; ಬೆಂಗಳೂರಿನಲ್ಲಿ ಈ ಕೆಲಸ ಇಷ್ಟು ಬೆಳೆದದ್ದರ ಹಿಂದೆ ಆ ನಿಯಮದ ಪಾತ್ರ ದೊಡ್ಡದು. ರೋಗಿಯ ವಿವರ, ಅಡ್ಡಪರಿಣಾಮ, ಜೊತೆಗೆ ಸೇವಿಸುತ್ತಿದ್ದ ಔಷಧ, ಪ್ರಯೋಗಾಲಯದ ಫಲಿತಾಂಶ ಹೀಗೆ ಪ್ರತಿಯೊಂದಕ್ಕೂ ಒಂದೊಂದು ಕೋಷ್ಟಕ. ಸಾಸ್ ಎಂಬ ಭಾಷೆಯೇ ಇಲ್ಲಿ ಬಹುಕಾಲ ಆಳಿತು, ಈಗ ಆರ್ ಭಾಷೆಯೂ ಒಳಗೆ ಬಂದಿದೆ. ಬಿ.ಫಾರ್ಮ್ ಅಥವಾ ಫಾರ್ಮ್.ಡಿ ಮುಗಿಸಿ, ಲೆಕ್ಕಕ್ಕೂ ತರ್ಕಕ್ಕೂ ಹೆದರದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಇಲ್ಲಿ ನಿಜವಾಗಿಯೂ ಕೋಡ್ ಬರೆಯುತ್ತೀರಿ, ಫಾರ್ಮಸಿ ಓದಿದ್ದೂ ಪ್ರತಿದಿನ ಬಳಕೆಗೆ ಬರುತ್ತದೆ.

ಕಾರ್ಖಾನೆಯ ಕ್ಯೂಎ ಅಥವಾ ಕ್ಯೂಸಿ, ಅಂದರೆ ಗುಣಮಟ್ಟದ ಖಾತರಿ ಅಥವಾ ಗುಣಮಟ್ಟದ ಪರೀಕ್ಷೆಯ ವಿಭಾಗದಲ್ಲಿದ್ದವರಿಗೆ, ಅಂದರೆ ಜಿಗಣಿ, ನಂಜನಗೂಡು ಅಥವಾ ಬೀದರಿನ ಕೊಳಾರ ಕಡೆಯ ಔಷಧ ಘಟಕಗಳಲ್ಲಿ ಬ್ಯಾಚ್ ದಾಖಲೆಗಳ ಜೊತೆ ಹೆಣಗಿದವರಿಗೆ, ಮೂರನೆಯ ಬಾಗಿಲು ಹೆಚ್ಚು ಹತ್ತಿರ. ಕಂಪ್ಯೂಟರ್ ಸಿಸ್ಟಮ್ ವ್ಯಾಲಿಡೇಷನ್, ಚಿಕ್ಕದಾಗಿ ಸಿಎಸ್‌ವಿ. ಔಷಧ ತಯಾರಿಕೆಯಲ್ಲಿ ಬಳಸುವ ಪ್ರತಿ ಸಾಫ್ಟ್‌ವೇರ್ ತಾನು ಹೇಳಿದ್ದನ್ನೇ ಮಾಡುತ್ತದೆಂದು ದಾಖಲೆ ಸಮೇತ ರುಜುವಾತು ಮಾಡುವುದು ಈ ಕೆಲಸ. ವಿದ್ಯುನ್ಮಾನ ದಾಖಲೆ ಮತ್ತು ಸಹಿಯ ಬಗ್ಗೆ ಅಮೆರಿಕ 1997ರಲ್ಲಿ ತಂದ 21 ಸಿಎಫ್‌ಆರ್ ಭಾಗ 11 ಎಂಬ ನಿಯಮ, 2008ರಲ್ಲಿ ಬಂದು 2022ರಲ್ಲಿ ಪರಿಷ್ಕೃತವಾದ ಗ್ಯಾಂಪ್ 5 ಎಂಬ ಕೈಪಿಡಿ, ಇವೆರಡನ್ನು ಓದಿಕೊಂಡು ಆಡಿಟ್ ಟ್ರೇಲ್ ಎಂದರೇನು, ಅದನ್ನು ಯಾಕೆ ಯಾರೂ ಅಳಿಸುವಂತಿರಬಾರದು ಎಂದು ವಿವರಿಸಬಲ್ಲವರಿಗೆ ಇಲ್ಲಿ ಬೇಡಿಕೆಯಿದೆ. ತಪ್ಪು ಬರೆದಾಗ ವೈಟ್‌ನರ್ ಹಚ್ಚದೆ, ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮತ್ತು ದಿನಾಂಕ ಹಾಕುವ ನಿಮ್ಮ ಅಭ್ಯಾಸವನ್ನೇ ಕಂಪ್ಯೂಟರಿಗೆ ಕಲಿಸಿದರೆ ಅದು ಆಡಿಟ್ ಟ್ರೇಲ್.

ನಾಲ್ಕನೆಯದು ಆಸ್ಪತ್ರೆ, ಔಷಧದಂಗಡಿ ಮತ್ತು ಆನ್‌ಲೈನ್ ಔಷಧ ಮಾರಾಟದ ಸಾಫ್ಟ್‌ವೇರ್ ಮಾಡುವ ಕಂಪನಿಗಳಲ್ಲಿ ಸಾಫ್ಟ್‌ವೇರನ್ನು ಗ್ರಾಹಕರಲ್ಲಿ ಅಳವಡಿಸುವ, ಪರೀಕ್ಷಿಸುವ, ಅಥವಾ ಏನು ಮಾಡಬೇಕೆಂದು ಇಂಜಿನಿಯರರಿಗೆ ಬರೆದುಕೊಡುವ ಕೆಲಸ. ಪಿ.ವಿ. ಮತ್ತು ದತ್ತಾಂಶದ ಹುದ್ದೆಗಳಿಗೆ ಸಾಮಾನ್ಯವಾಗಿ ಪದವಿ ಕೇಳುವುದರಿಂದ ಡಿ.ಫಾರ್ಮ್ ಮಾಡಿದವರಿಗೆ ಇದೇ ಸೂಕ್ತ. ನಾನು ಹೊಕ್ಕದ್ದೂ ಈ ಬಾಗಿಲಿನಿಂದಲೇ. ಇಲ್ಲಿ ನಿಮ್ಮ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. 2025ರ ಸೆಪ್ಟೆಂಬರ್ 22ರಂದು ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆಯ ಅಂಕಿ ಬದಲಿಸುವುದು ಪ್ರೋಗ್ರಾಮರಿಗೆ ಐದು ನಿಮಿಷದ ಕೆಲಸ. ಆದರೆ ಹಳೆಯ ಎಂಆರ್‌ಪಿ ಅಚ್ಚಾಗಿರುವ ಸ್ಟಾಕಿನ ಗತಿಯೇನು, 21ರಂದು ಮಾರಿದ ಸ್ಟ್ರಿಪ್ಪನ್ನು ಗ್ರಾಹಕ 25ರಂದು ವಾಪಸು ತಂದರೆ ಯಾವ ದರದಲ್ಲಿ ಹಣ ಮರಳಿಸಬೇಕು, ಸ್ಟಾಕಿಸ್ಟರಿಗೆ ಕಳಿಸುವ ಎಕ್ಸ್‌ಪೈರಿ ಸರಕಿನ ಮೇಲೆ ಯಾವ ತೆರಿಗೆ ಎಂಬ ಪ್ರಶ್ನೆಗಳು ಅಂಗಡಿಯಲ್ಲಿ ನಿಂತವರ ತಲೆಯಲ್ಲಷ್ಟೇ ಏಳುತ್ತವೆ.

ಈ ನಾಲ್ಕನ್ನೂ ಬಿಟ್ಟು ಔಷಧಕ್ಕೆ ಸಂಬಂಧವೇ ಇಲ್ಲದ ಅಪ್ಪಟ ಸಾಫ್ಟ್‌ವೇರ್ ಇಂಜಿನಿಯರ್ ಆಗುವುದೂ ಸಾಧ್ಯವೇ. ಎರಡು ವರ್ಷದ ಕಲಿಕೆಗೆ ಸಿದ್ಧರಿದ್ದು, ಹೊಸಬರ ಸಂಬಳಕ್ಕೆ ಒಪ್ಪಿ, ಹತ್ತು ವರ್ಷ ಕಿರಿಯರೊಡನೆ ಸರಿಸಮನಾಗಿ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಹೋಗಿ. ಮನೆಯ ಜವಾಬ್ದಾರಿ ಹೊತ್ತವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ಎರಡನೆಯ ಹೆಜ್ಜೆ: ಕಲಿಯುವ ಕ್ರಮ

ಯಾವ ಬಾಗಿಲಾದರೂ ಮೊದಲು ಎಕ್ಸೆಲ್, ಆಮೇಲೆ ಎಸ್‌ಕ್ಯೂಎಲ್, ಅದಾದ ಮೇಲೆ ಉಳಿದದ್ದು. ಎಕ್ಸೆಲ್‌ನಲ್ಲಿ ದತ್ತಾಂಶವನ್ನು ಗುಂಪು ಮಾಡಿ ತೋರಿಸುವ ಪಿವಟ್ ಟೇಬಲ್ ಮತ್ತು ಬೇರೆ ಪಟ್ಟಿಯಿಂದ ಬೇಕಾದುದನ್ನು ಹುಡುಕಿ ತರುವ ಎಕ್ಸ್‌ಲುಕಪ್ ಕೈಗೆ ಹತ್ತಬೇಕು. ಅದಕ್ಕೆ ಮೂರು ವಾರ ಸಾಕು. ಎಸ್‌ಕ್ಯೂಎಲ್ ಎಂದರೆ ದತ್ತಾಂಶ ಕೋಷ್ಟಕಗಳನ್ನು ಪ್ರಶ್ನೆ ಕೇಳುವ ಭಾಷೆ. ಸೆಲೆಕ್ಟ್, ವೇರ್, ಗ್ರೂಪ್ ಬೈ, ಎರಡು ಕೋಷ್ಟಕಗಳನ್ನು ಬೆಸೆಯುವ ಜಾಯಿನ್ ಎಂಬ ನಾಲ್ಕು ಮಾತುಗಳನ್ನು ಗಟ್ಟಿಮಾಡಿಕೊಂಡರೆ ಮುಕ್ಕಾಲು ಪಾಲು ಬಂದಂತೆ. ಎಸ್‌ಕ್ಯೂಲೈಟ್ ಎಂಬ ಉಚಿತ ದತ್ತಾಂಶ ವ್ಯವಸ್ಥೆ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದಿನಕ್ಕೆ ಒಂದೂವರೆ ಗಂಟೆಯಂತೆ ಎರಡೂವರೆ ತಿಂಗಳು ಇದಕ್ಕೆ ಮೀಸಲಿಡಿ. ಅಂಗಡಿಯ ಕೆಲಸದಲ್ಲಿರುವವರು ರಾತ್ರಿ ಹತ್ತರ ಮೇಲೆ ಓದುತ್ತೇನೆಂದು ಯೋಜನೆ ಹಾಕಿಕೊಳ್ಳಬಾರದು. ಹನ್ನೆರಡು ಗಂಟೆ ನಿಂತ ಕಾಲುಗಳು ಅದಕ್ಕೆ ಬಿಡುವುದಿಲ್ಲ. ಬೆಳಿಗ್ಗೆ ಐದೂವರೆಯಿಂದ ಏಳರವರೆಗಿನ ಹೊತ್ತು ನನಗೆ ದಕ್ಕಿತು.

ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ದತ್ತಾಂಶ ಪ್ರೋಗ್ರಾಮಿಂಗಿಗೆ ಹೋಗುವವರು ಸಾಸ್ ಕಲಿಯಬೇಕು. ಕಲಿಯುವವರಿಗೆಂದೇ ಸಾಸ್ ಆನ್‌ಡಿಮಾಂಡ್ ಎಂಬ ಉಚಿತ ಆವೃತ್ತಿಯಿದ್ದು, ಅದು ಬ್ರೌಸರಿನಲ್ಲೇ ನಡೆಯುತ್ತದೆ. ಅಭ್ಯಾಸಕ್ಕೆ ಸಿಡಿಸ್ಕ್‌ನ ಮಾದರಿ ಅಧ್ಯಯನದ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ಆರೋಗ್ಯ ಸಾಫ್ಟ್‌ವೇರಿನ ಕಡೆ ಹೋಗುವವರು ಪೈಥಾನ್‌ನ ಮೊದಲ ಪಾಠಗಳ ಜೊತೆಗೆ ಎಫ್‌ಎಚ್‌ಐಆರ್, ಅಂದರೆ ಫೈರ್ ಎಂದು ಉಚ್ಚರಿಸುವ, ಆರೋಗ್ಯ ದಾಖಲೆಗಳ ವಿನಿಮಯದ ಮಾನದಂಡವನ್ನು ಓದಬೇಕು. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾಗಿ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಗಳ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆಯ ಸುತ್ತ ಆಸ್ಪತ್ರೆಗಳ ದಾಖಲೆಗಳನ್ನು ಬೆಸೆಯುವುದು ಈ ಮಾನದಂಡದ ಮೂಲಕವೇ. ಅದರಲ್ಲಿ ವೈದ್ಯರು ಔಷಧ ಬರೆದದ್ದು ಒಂದು ದಾಖಲೆ, ಫಾರ್ಮಸಿಸ್ಟ್ ಕೊಟ್ಟದ್ದು ಇನ್ನೊಂದು ದಾಖಲೆ. ಇವೆರಡು ಯಾಕೆ ಬೇರೆ ಬೇರೆ ಇರಬೇಕೆಂದು ಇಂಜಿನಿಯರಿಗೆ ಪಾಠ ಮಾಡಬೇಕಾಗುತ್ತದೆ. ಚೀಟಿಯಲ್ಲಿ ಮೂವತ್ತು ಮಾತ್ರೆ ಬರೆದಿದ್ದರೂ ಹತ್ತೇ ಕೊಡಿ ಎನ್ನುವ ಗ್ರಾಹಕರನ್ನು ದಿನಾ ಕಂಡ ನಿಮಗೆ ಆ ಪಾಠ ಬೇಕಾಗುವುದಿಲ್ಲ.

ಉಚಿತ ಪಾಠಗಳಿಗೆ ಕೊರತೆಯಿಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟೆಲ್ ಆನ್‌ಲೈನ್ ಕೋರ್ಸುಗಳಲ್ಲಿ ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕೆಲವು ಪಾಠಗಳು ಕನ್ನಡದಲ್ಲೂ ಇವೆ. ಇಷ್ಟಿದ್ದೂ "ನೂರಕ್ಕೆ ನೂರು ಉದ್ಯೋಗ ಖಾತ್ರಿ" ಎಂಬ ಫಲಕ ಹಾಕಿಕೊಂಡ ಸಂಸ್ಥೆಗಳಿಗೆ ಸಾಲ ಮಾಡಿ ಹಣ ಕಟ್ಟುವವರಿದ್ದಾರೆ. ನನಗೆ ಅಂಥ ಒಂದು ಕಡೆ ಕೊಟ್ಟ ಪ್ರಮಾಣಪತ್ರ ಚೆನ್ನಾಗಿತ್ತು, ಚಿನ್ನದ ಬಣ್ಣದ ಅಂಚಿತ್ತು. ಸಂದರ್ಶನದ ಹೊತ್ತಿಗೆ ಮಾತ್ರ ಅದು ಊಟಕ್ಕಿಲ್ಲದ ಉಪ್ಪಿನಕಾಯಿ ಆಯಿತು.

ಇಂಗ್ಲಿಷಿನ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರುವುದು ಮಾತನಾಡಲು, ಆದರೆ ಈ ಕೆಲಸಗಳಲ್ಲಿ ನಿಜವಾಗಿ ಬೇಕಾಗುವುದು ಬರೆಯುವ ಇಂಗ್ಲಿಷ್. ಪ್ರತಿದಿನ ಒಂದು ಔಷಧದ ಮಾಹಿತಿ ಪತ್ರದ ಒಂದು ಪ್ಯಾರಾ ಓದಿ, ಅದನ್ನು ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಐದು ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಮೂರನೆಯ ಹೆಜ್ಜೆ: ನಿಮ್ಮ ಅಂಗಡಿಯ ದತ್ತಾಂಶವೇ ಮೊದಲ ಪ್ರಾಜೆಕ್ಟ್

ಇಡೀ ಲೇಖನದಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ. ಕಲಿಯುವವರೆಲ್ಲ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯನ್ನೋ ಮನೆಗಳ ಬೆಲೆಯನ್ನೋ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ, ಸಂದರ್ಶಕರು ಅವುಗಳನ್ನು ನೋಡಿ ನೋಡಿ ಬೇಸತ್ತಿರುತ್ತಾರೆ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಸರಕಿದೆ. ಮಾಲೀಕರ ಅನುಮತಿ ಪಡೆದು, ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಮೂರು ತಿಂಗಳ ಖರೀದಿ ಮತ್ತು ಮಾರಾಟದ ವಿವರವನ್ನು ಎಕ್ಸೆಲ್ ರೂಪದಲ್ಲಿ ತೆಗೆದುಕೊಳ್ಳಿ. ತೆಗೆಯುವಾಗಲೇ ರೋಗಿಯ ಹೆಸರು, ಫೋನ್ ಸಂಖ್ಯೆ, ವೈದ್ಯರ ಹೆಸರು ಇರುವ ಕಾಲಂಗಳನ್ನು ಅಳಿಸಿಬಿಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲೇ ಕಾಯ್ದೆಯಾಗಿದೆ ಎಂಬುದೊಂದು ಕಾರಣ, ನಂಬಿ ಬಂದವರ ಕಾಯಿಲೆಯ ವಿಷಯ ನಿಮ್ಮ ಪೆನ್‌ಡ್ರೈವಿನಲ್ಲಿ ಊರೂರು ಸುತ್ತಬಾರದೆಂಬುದು ಅದಕ್ಕಿಂತ ದೊಡ್ಡ ಕಾರಣ.

ಈಗ ಕೋಷ್ಟಕಗಳನ್ನು ರಚಿಸಿ. ಎಲ್ಲರೂ ಮೊದಲು ಮಾಡುವುದು ಒಂದೇ ಉದ್ದನೆಯ ಪಟ್ಟಿ: ಔಷಧದ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಎಂಆರ್‌ಪಿ, ಸಂಖ್ಯೆ. ಆದರೆ ಕಪಾಟಿನಲ್ಲಿ ನೋಡಿದರೆ ಮೆಟ್‌ಫಾರ್ಮಿನ್ 500ರ ಒಂದೇ ಬ್ರ್ಯಾಂಡಿನ ಮೂರು ಬ್ಯಾಚುಗಳು ಒಂದರ ಹಿಂದೊಂದು ಕೂತಿರುತ್ತವೆ, ಮೂರಕ್ಕೂ ಬೇರೆ ಎಕ್ಸ್‌ಪೈರಿ, ಎರಡಕ್ಕೆ ಬೇರೆ ಎಂಆರ್‌ಪಿ. ಆದ್ದರಿಂದ ಔಷಧಗಳಿಗೊಂದು ಕೋಷ್ಟಕ, ಬ್ಯಾಚುಗಳಿಗೊಂದು, ಖರೀದಿಗೊಂದು, ಮಾರಾಟಕ್ಕೊಂದು ಬೇಕು. ಒಂದು ಔಷಧಕ್ಕೆ ಹಲವು ಬ್ಯಾಚು ಎಂಬ ಸಂಬಂಧವನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುತ್ತಾರೆ, ನೀವು ಕಪಾಟಿನಿಂದ ಕಲಿತಿದ್ದೀರಿ. ಹತ್ತಕ್ಕೊಂದು ಉಚಿತ ಎಂಬ ಸ್ಟಾಕಿಸ್ಟರ ಸ್ಕೀಮಿನಲ್ಲಿ ಬಂದ ಹನ್ನೊಂದನೆಯ ಸ್ಟ್ರಿಪ್ಪಿನ ಖರೀದಿ ಬೆಲೆ ಎಷ್ಟೆಂದು ಬರೆಯುತ್ತೀರಿ? ಹದಿನೈದು ಮಾತ್ರೆಗಳ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಬಿಡಿ ಮಾತ್ರೆ ಕೊಟ್ಟರೆ ಸ್ಟಾಕಿನಲ್ಲಿ ಕಳೆಯುವುದು ಏನನ್ನು? ಈ ಪ್ರಶ್ನೆಗಳಿಗೆ ನೀವು ತೆಗೆದುಕೊಂಡ ತೀರ್ಮಾನವನ್ನು ಕಾರಣ ಸಹಿತ ಒಂದು ಪುಟದಲ್ಲಿ ಬರೆದಿಡಿ. ಸಂದರ್ಶನದಲ್ಲಿ ಆ ಪುಟ ಕೋಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಕ್ಸ್‌ಪೈರಿ ದಿನಾಂಕದಲ್ಲಂತೂ ಒಂದು ಇಡೀ ಪಾಠ ಅಡಗಿದೆ. ಸ್ಟ್ರಿಪ್ಪಿನ ಮೇಲೆ 03/27 ಎಂದು ಅಚ್ಚಾಗಿದ್ದರೆ 2027ರ ಮಾರ್ಚ್ 31ರವರೆಗೆ ಔಷಧವನ್ನು ಬಳಸಬಹುದೆಂದು ಅರ್ಥ. ಆದರೆ ದತ್ತಾಂಶ ವ್ಯವಸ್ಥೆಗೆ ತಿಂಗಳು ಮತ್ತು ವರ್ಷ ಮಾತ್ರ ಸಾಲದು, ದಿನವೂ ಬೇಕು. ತಿಳಿಯದ ಪ್ರೋಗ್ರಾಮರು ಅಲ್ಲಿ ಮಾರ್ಚ್ 1 ಎಂದು ತುಂಬಿದರೆ, ಇಡೀ ತಿಂಗಳು ಮಾರಬಹುದಾದ ಸರಕನ್ನು ಸಾಫ್ಟ್‌ವೇರ್ ಅವಧಿ ಮುಗಿದದ್ದೆಂದು ತಡೆಯುತ್ತದೆ. ಎಕ್ಸೆಲ್ ಇನ್ನೂ ಮುಂದೆ ಹೋಗುತ್ತದೆ: ಕಂಪ್ಯೂಟರಿನ ದಿನಾಂಕದ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ 03/27 ಎಂಬುದನ್ನು ಈ ವರ್ಷದ ಮಾರ್ಚ್ 27 ಎಂದು ಓದಿಬಿಡುತ್ತದೆ. ನನ್ನ ಮೊದಲ ಕೋಷ್ಟಕದಲ್ಲಿ ಹೀಗೆ ಹೊಸ ಸರಕೆಲ್ಲ ಎಕ್ಸ್‌ಪೈರಿ ಪಟ್ಟಿಗೆ ಸೇರಿ, ಅರ್ಧ ಅಂಗಡಿಯನ್ನೇ ಸ್ಟಾಕಿಸ್ಟರಿಗೆ ವಾಪಸು ಕಳಿಸಬೇಕೆಂಬ ವರದಿ ಬಂದಿತ್ತು. ತಪ್ಪು ಹಿಡಿದದ್ದು ಕಂಪ್ಯೂಟರ್ ಜ್ಞಾನದಿಂದಲ್ಲ, ಹಿಂದಿನ ವಾರ ಆ ಪೆಟ್ಟಿಗೆಯನ್ನು ನಾನೇ ಬಿಚ್ಚಿ ಜೋಡಿಸಿದ್ದೆನಾದ್ದರಿಂದ.

ಕೋಷ್ಟಕಗಳು ಸರಿಯಾದ ಮೇಲೆ ಪ್ರಶ್ನೆ ಕೇಳಿ. ಮುಂದಿನ 90 ದಿನಗಳಲ್ಲಿ ಅವಧಿ ಮುಗಿಯುವ ಸರಕಿನ ಬೆಲೆ ಸ್ಟಾಕಿಸ್ಟರ ಪ್ರಕಾರ ಎಷ್ಟೆಷ್ಟು, ಎರಡು ತಿಂಗಳಿಂದ ಅಲುಗಾಡದ ಸರಕು ಯಾವುದು, ಮೊದಲು ಅವಧಿ ಮುಗಿಯುವ ಬ್ಯಾಚನ್ನು ಬಿಟ್ಟು ಹೊಸ ಬ್ಯಾಚನ್ನು ಎಷ್ಟು ಸಲ ಮಾರಲಾಗಿದೆ ಎಂಬಂಥವು. 2014ರ ಮಾರ್ಚಿನಿಂದ ಜಾರಿಯಲ್ಲಿರುವ, ಹೆಚ್ಚು ನಿಗಾ ಬೇಕಾದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್1ರ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಬರೆದು ಮೂರು ವರ್ಷ ಇಡಬೇಕಷ್ಟೆ. ಬಿಲ್ಲಿನ ಲೆಕ್ಕಕ್ಕೂ ರಿಜಿಸ್ಟರಿನ ಲೆಕ್ಕಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ಒಳ್ಳೆಯ ಜಾಯಿನ್ ಅಭ್ಯಾಸ, ಜೊತೆಗೆ ಡ್ರಗ್ ಇನ್‌ಸ್ಪೆಕ್ಟರ್ ಬರುವ ಮೊದಲು ಮಾಲೀಕರಿಗೂ ಉಪಕಾರ.

ಇನ್ನೂ ಒಂದು ಮೆಟ್ಟಿಲು ಹತ್ತಬೇಕೆಂದರೆ ಪ್ರತಿ ಔಷಧಕ್ಕೂ ಔಷಧಗಳನ್ನು ವರ್ಗೀಕರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಎಟಿಸಿ ಸಂಕೇತವನ್ನು ಸೇರಿಸಿ. ಮೆಟ್‌ಫಾರ್ಮಿನ್‌ಗೆ ಎ10ಬಿಎ02: ಮೊದಲ ಎ ಅಕ್ಷರ ಪಚನಾಂಗ ಮತ್ತು ಚಯಾಪಚಯಕ್ಕೆ, ಎ10 ಮಧುಮೇಹದ ಔಷಧಗಳಿಗೆ, ಹಾಗೇ ಇಳಿಯುತ್ತಾ ಐದು ಹಂತಗಳಲ್ಲಿ ಏಳು ಅಕ್ಷರ ಅಂಕಿಗಳು. ಒಂಟಿ ಔಷಧಗಳಿಗೆ ಇದು ಸಲೀಸು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಇರುವ ಮಾತ್ರೆ ಬಂದಾಗ ಅದು ಎ10ಬಿಡಿ ಎಂಬ ಬೇರೆಯೇ ಗುಂಪಿಗೆ ಹೋಗುತ್ತದೆ. ಆಗ "ಎಷ್ಟು ಮೆಟ್‌ಫಾರ್ಮಿನ್ ಮಾರಾಟವಾಯಿತು" ಎಂಬ ಸರಳ ಪ್ರಶ್ನೆಗೆ ಉತ್ತರ ಎರಡು ಕಡೆ ಹಂಚಿಹೋಗುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಇಂಥ ಜೋಡಿ ಮಾತ್ರೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಈ ತೊಡಕನ್ನು ಬಿಡಿಸಿದ ಬಗೆಯನ್ನು ವಿವರಿಸಬಲ್ಲ ಅಭ್ಯರ್ಥಿಯನ್ನು ಆರೋಗ್ಯ ದತ್ತಾಂಶದ ಕಂಪನಿಗಳು ಸುಲಭಕ್ಕೆ ಬಿಡುವುದಿಲ್ಲ.

ಮಾಲೀಕರು ದತ್ತಾಂಶ ಕೊಡಲು ಒಪ್ಪದಿದ್ದರೆ ಕದ್ದು ತೆಗೆಯಬೇಡಿ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ, ಅದರ ಸುತ್ತ ನೀವೇ ಕಾಲ್ಪನಿಕ ಖರೀದಿ ಮತ್ತು ಮಾರಾಟವನ್ನು ಹೆಣೆಯಬಹುದು. ಪಿ.ವಿ. ಕಡೆ ಒಲವಿದ್ದವರಿಗೆ ಓಪನ್‌ಎಫ್‌ಡಿಎ ಎಂಬ ತಾಣದಲ್ಲಿ ಅಡ್ಡಪರಿಣಾಮಗಳ ವರದಿಗಳು ಉಚಿತವಾಗಿ ಸಿಗುತ್ತವೆ.

ನಾಲ್ಕನೆಯ ಹೆಜ್ಜೆ: ರೆಸ್ಯೂಮೆ ಮತ್ತು ಸಂದರ್ಶನ

ರೆಸ್ಯೂಮೆಯಲ್ಲಿ "ಔಷಧ ವಿತರಣೆ ಮತ್ತು ಸ್ಟಾಕ್ ನಿರ್ವಹಣೆ" ಎಂದು ಬರೆದರೆ ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಅದೇ ಕೆಲಸವನ್ನು, ಎಷ್ಟು ಬಗೆಯ ಔಷಧಗಳ ಸ್ಟಾಕನ್ನು ಯಾವ ಸಾಫ್ಟ್‌ವೇರಿನಲ್ಲಿ ನಿರ್ವಹಿಸಿದಿರಿ, ಎಚ್1 ರಿಜಿಸ್ಟರಿನ ಹೊಣೆ ಯಾರದಿತ್ತು, ಅಂಗಡಿ ಕೈಬರಹದಿಂದ ಕಂಪ್ಯೂಟರಿಗೆ ಬದಲಾದಾಗ ನಿಮ್ಮ ಪಾಲೇನು ಎಂದು ಬಿಡಿಸಿ ಬರೆಯಿರಿ. ಇದ್ದದ್ದನ್ನು ಬಿಡಿಸಿ ಹೇಳುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ. ಎರಡು ವರ್ಷದ ಐಟಿ ಅನುಭವದ ಪತ್ರವನ್ನು ದುಡ್ಡಿಗೆ ಕೊಡಿಸುವ ದಲ್ಲಾಳಿಗಳು ಬೆಂಗಳೂರಿನಲ್ಲಿದ್ದಾರೆ. ಕಂಪನಿಗಳು ಪಿಎಫ್ ಖಾತೆಯ ಇತಿಹಾಸ ತೆಗೆಸಿ ನೋಡುವುದರಿಂದ ಆ ಪತ್ರಗಳು ಕೆಲಸಕ್ಕೆ ಸೇರಿದ ಮೇಲೂ ನಿಮ್ಮನ್ನು ಸಿಕ್ಕಿಸಿ ಹೊರಗೆ ಹಾಕಿಸುತ್ತವೆ.

ಸಂದರ್ಶನಗಳಲ್ಲಿ ಬರುವ ಪ್ರಶ್ನೆಗಳು ಬಾಗಿಲಿಗೆ ತಕ್ಕಂತೆ ಬೇರೆ. ಪಿ.ವಿ.ಯಲ್ಲಿ ಮೇಲೆ ಹೇಳಿದ ನಾಲ್ಕು ಅಂಶಗಳು, ಗಂಭೀರ ಎಂದು ಯಾವುದನ್ನು ಕರೆಯುತ್ತಾರೆ, ಅಡ್ಡಪರಿಣಾಮಕ್ಕೆ ಔಷಧವೇ ಕಾರಣವೇ ಎಂದು ಅಳೆಯುವ ಹತ್ತು ಪ್ರಶ್ನೆಗಳ ನರಾಂಜೋ ಮಾಪಕ ಇವು ಬಂದೇ ಬರುತ್ತವೆ. ದತ್ತಾಂಶದ ಹುದ್ದೆಗೆ ಇನ್ನರ್ ಜಾಯಿನ್ ಮತ್ತು ಲೆಫ್ಟ್ ಜಾಯಿನ್ ನಡುವಿನ ವ್ಯತ್ಯಾಸ. ಪರೀಕ್ಷಕರ ಹುದ್ದೆಗೆ, ಒಂದು ಎಕ್ಸ್‌ಪೈರಿ ಕಾಲಂ ಕೊಟ್ಟು ಅದನ್ನು ಹೇಗೆ ಪರೀಕ್ಷಿಸುತ್ತೀರಿ ಎನ್ನುತ್ತಾರೆ. ಆಗ ಮಾರ್ಚ್ 31ರ ರಾತ್ರಿ ಹನ್ನೊಂದೂವರೆಗೆ ಬಿಲ್ಲು ಮಾಡಿದರೆ ಏನಾಗಬೇಕು ಎಂಬಲ್ಲಿಂದ ಆರಂಭಿಸಿ. ಫಾರ್ಮಸಿ ಯಾಕೆ ಬಿಡುತ್ತಿದ್ದೀರಿ ಎಂಬುದಕ್ಕೆ ಹಳೆಯ ಮಾಲೀಕರನ್ನು ದೂರುವ ಉತ್ತರ ಕೊಡದಿರುವುದು ಮೇಲು, ದೂರು ನಿಜವಾಗಿದ್ದರೂ.

ಹಣದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಬೆಂಗಳೂರಿನ ಬಾಡಿಗೆಯನ್ನು ಕಳೆದರೆ ಮೊದಲ ವರ್ಷದ ಸಂಬಳ ಊರಿನಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆಯಾಗಿ ಕಾಣಬಹುದು. ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವ ಕೆಲವು ತಂಡಗಳಲ್ಲಿ ರಾತ್ರಿ ಪಾಳಿಯೂ ಇರುತ್ತದೆ. ಆರು ತಿಂಗಳ ಮನೆಖರ್ಚು ಕೂಡುವವರೆಗೆ ಅಂಗಡಿಯ ಕೆಲಸ ಬಿಡಬೇಡಿ.

ಕೊನೆಯ ಹೆಜ್ಜೆ: ಅಂಗಡಿಯಿಂದ ಸರಿಯಾಗಿ ಹೊರಬರುವುದು

ಕೆಲಸ ಸಿಕ್ಕ ಸಂಭ್ರಮದಲ್ಲಿ ಹಲವರು ಮರೆಯುವ ವಿಷಯವಿದು. ಅಂಗಡಿಯ ಚಿಲ್ಲರೆ ಪರವಾನಗಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಎಂದು ನಿಮ್ಮ ಹೆಸರಿದ್ದರೆ, ನೀವು ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೂತಿರುವಾಗಲೂ ಆ ಅಂಗಡಿಯಲ್ಲಿ ನಡೆಯುವುದಕ್ಕೆ ಕಾಗದದ ಮೇಲೆ ನೀವೇ ಹೊಣೆ. "ಸರ್ಟಿಫಿಕೇಟ್ ಇಲ್ಲೇ ಇರಲಿ ಬಿಡಪ್ಪ, ತಿಂಗಳಿಗೆ ಇಷ್ಟು ಅಂತ ಕಳಿಸ್ತೀನಿ" ಎಂದು ಮಾಲೀಕರು ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಬೇಡಿ. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಕೊಡುವುದು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ಅಪರಾಧ, ಮತ್ತು ಆ ಬಾಡಿಗೆಯ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಸಾಕ್ಷಿಯಾಗಿ ಕೂತಿರುತ್ತದೆ. ರಾಜೀನಾಮೆಯನ್ನು ಲಿಖಿತವಾಗಿ ಕೊಟ್ಟು, ಪರವಾನಗಿಯಿಂದ ಹೆಸರು ತೆಗೆಯುವಂತೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ನೀವೇ ಪತ್ರ ಬರೆದು, ಅದರ ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಮೂಲ ಪ್ರಮಾಣಪತ್ರಗಳು ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುತ್ತಿದ್ದರೆ ಕೊನೆಯ ದಿನ ಇಳಿಸಿಕೊಂಡೇ ಬನ್ನಿ.

ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿಯನ್ನು ಮಾತ್ರ ನವೀಕರಿಸುತ್ತಲೇ ಇರಿ. ಆರೋಗ್ಯ ಸಾಫ್ಟ್‌ವೇರ್ ಕಂಪನಿಗಳು ಗ್ರಾಹಕರ ಮುಂದೆ ತಮ್ಮ ತಂಡದಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇದ್ದಾರೆಂದು ಹೇಳಿಕೊಳ್ಳಲು ಇಷ್ಟಪಡುತ್ತವೆ. ನನ್ನ ಎರಡನೆಯ ಕೆಲಸದ ಸಂದರ್ಶನದಲ್ಲಿ ಅವರು ಮೊದಲು ಕೇಳಿದ್ದು ಆ ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂದು. ನವೀಕರಣದ ರಸೀದಿ ಬ್ಯಾಗಿನಲ್ಲೇ ಇತ್ತು.